ಬಿರುಕಿನ ಕೆಳಗೆ ಕರೆದ ಸಭೆ

ಗುಡ್ಡದ ಮೇಲಿನ ಬಿರುಕಿಗೆ ಅಡ್ಡವಾಗಿ ನಾನು ಸಿಮೆಂಟ್ ಹಾಕಿ ಕೂರಿಸಿದ್ದ ಗಾಜಿನ ಪಟ್ಟಿಗಳಲ್ಲಿ ಒಂದು ಒಡೆದಿರುವುದನ್ನು ಮೊದಲು ನೋಡಿದಾಗ, ಯಾರೋ ತುಳಿದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಮನಸ್ಸು ಹಾತೊರೆಯುತ್ತಿತ್ತು. ಬಿರುಕು ಅಗಲವಾದರೆ ಒಡೆದು ತೋರಿಸಲಿ ಎಂದೇ ಹಾಕಿದ ಗಾಜು ಅದು. ಕಾಫಿ ಗಿಡಗಳ ನಡುವೆ ಬಗ್ಗಿಕೊಂಡು ಮುಂದಿನ ಪಟ್ಟಿಯ ಹತ್ತಿರ ಹೋದೆ. ಅದೂ ಒಡೆದಿತ್ತು. ಅದರಾಚೆಯದು ಒಡೆದಿದ್ದಷ್ಟೇ ಅಲ್ಲ, ಎರಡು ತುಂಡುಗಳ ನಡುವೆ ನನ್ನ ಹೆಬ್ಬೆರಳು ಹಿಡಿಸುವಷ್ಟು ಜಾಗ ಬಿಟ್ಟುಕೊಂಡಿತ್ತು. ಬಿರುಕಿನ ಕೆಳಬದಿಯಲ್ಲಿದ್ದ ಸಿಲ್ವರ್ ಓಕ್ ಮರವೊಂದು ಸಾಲಿನಿಂದ ತಪ್ಪಿ ರಸ್ತೆಯ ಕಡೆಗೆ ತುಸು ವಾಲಿತ್ತು. ಹಿಂದಿನ ವಾರ ಅದು ನೆಟ್ಟಗಿತ್ತೇ? ನೆನಪಾಗಲಿಲ್ಲ. ನಾನೂ ಬಿರುಕಿನ ಕೆಳಬದಿಯಲ್ಲೇ ನಿಂತಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಒಂದೇ ಹೆಜ್ಜೆಗೆ ದಾಟಬಹುದಾದ ಬಿರುಕು. ದಾಟಿ ಮೇಲೆ ಬಂದವನು ಒಂದು ಕಾಫಿ ಗಿಡದ ಬುಡ ಹಿಡಿದು ಕೂತುಬಿಟ್ಟೆ. ಕೆಳಗೆ, ಕಳಸದಿಂದ ಬಂದ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು.

ಕಳಸದಿಂದ ಸಂಸೆಯ ದಿಕ್ಕಿಗೆ ಹೋಗುವ ರಸ್ತೆಯ ಒಂದು ಭಾಗವನ್ನು ಅಗಲ ಮಾಡುವ ಕೆಲಸ ಅದು. ಜಾಗ ಕೊಡುವುದು, ಪರವಾನಗಿ ತರುವುದು ಸರ್ಕಾರಿ ಇಲಾಖೆಯ ಹೊಣೆ. ರಸ್ತೆ ಕಟ್ಟಿ, ಮುಂದಿನ ಹಲವು ವರ್ಷ ಅದನ್ನು ನೋಡಿಕೊಳ್ಳುವುದು ಖಾಸಗಿ ಕಂಪನಿಯ ಹೊಣೆ. ಇಬ್ಬರ ನಡುವೆ, ಇಬ್ಬರೂ ಒಪ್ಪಿ ನೇಮಿಸಿದ ಸ್ವತಂತ್ರ ಎಂಜಿನಿಯರ್ ನಾನು. ಎರಡು ಸಾವಿರದ ಇಸವಿ ಕಳೆದ ಮೇಲಿನ ಆ ವರ್ಷಗಳಲ್ಲಿ ಇಂಥ ಒಪ್ಪಂದಗಳು ನಮ್ಮ ಕಡೆಗೆ ಹೊಸವು. ಸ್ವತಂತ್ರ ಎಂಜಿನಿಯರ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅಳೆಯಬಹುದು, ಪರೀಕ್ಷೆ ಮಾಡಬಹುದು, ಶಿಫಾರಸು ಮಾಡಬಹುದು. ಆಜ್ಞೆ ಮಾಡುವಂತಿಲ್ಲ.

ಮೂಲ ನಕ್ಷೆಯಲ್ಲಿ ಆ ತಿರುವನ್ನು ಹೊಳೆಯ ಕಡೆಗೆ ಅಗಲ ಮಾಡಬೇಕಿತ್ತು. ಆ ಬದಿಯ ಮರಗಳಿದ್ದ ಪಟ್ಟಿ ಜಾಗ ಅರಣ್ಯಕ್ಕೆ ಸೇರಿದ್ದರಿಂದ ಅನುಮತಿ ತಡವಾಯಿತು. ಬೇಸಿಗೆ ಕಳೆದುಹೋಗುತ್ತಿತ್ತು. ಕಂಪನಿಯವರು ಗುಡ್ಡದ ಬದಿಯನ್ನು ಕಡಿದರು. ನಡುನಡುವೆ ಮೆಟ್ಟಿಲು ಬಿಟ್ಟು ಇಳಿಜಾರಾಗಿ ಕಡಿಯಬೇಕಿದ್ದ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು. ಮೊದಲ ಮಳೆಗಾಲದಲ್ಲೇ ಒಂದಷ್ಟು ಮಣ್ಣು ಜಾರಿ ಅರ್ಧ ರಸ್ತೆ ಮುಚ್ಚಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಜಗಳ ಅಲ್ಲಿಂದ ಶುರುವಾಯಿತು. ಗುಡ್ಡದ ಕಡೆಗೆ ಸರಿಸಿ ಎಂದು ಇಲಾಖೆಯೇ ಬಾಯಿಮಾತಲ್ಲಿ ಹೇಳಿತ್ತು ಎಂದು ಕಂಪನಿ. ನಾವು ಹೇಳಿಯೇ ಇಲ್ಲ, ನಿಮ್ಮ ಅವಸರಕ್ಕೆ ನೀವೇ ಕಡಿದಿರಿ ಎಂದು ಇಲಾಖೆ. ನೋಟಿಸುಗಳು ಹೋದವು, ಬಂದವು. ಗುಡ್ಡದ ಕೆಲಸ ನಿಂತಿತು. ಬಸ್ಸುಗಳ ಓಡಾಟ ಮಾತ್ರ ನಿಲ್ಲಲಿಲ್ಲ.

ರಸ್ತೆಯ ಕೆಳಗೆ, ಆ ಮರಗಳ ಪಟ್ಟಿ ದಾಟಿದರೆ, ತೋಟದ ಕೆಲಸಕ್ಕೆ ಹೋಗುವ ಕುಟುಂಬಗಳ ಒಂದು ಕೇರಿ. ಕೇರಿಯ ಮೊದಲ ಕಟ್ಟಡ ಅಂಗನವಾಡಿ. ಗುಡ್ಡ ಜಾರಿದರೆ ರಸ್ತೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿರಲಿಲ್ಲ.

ಆ ದಿನವೇ ಕಳಸಕ್ಕೆ ಹೋಗಿ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಮುಂದೆ ಕೂತೆ. ಹುಬ್ಬಳ್ಳಿ ಕಡೆಯವರು, ದಪ್ಪ ಮೀಸೆ, ಮೃದು ದನಿ. ಬಿರುಕಿನೊಳಗೆ ಮಳೆನೀರು ಇಳಿಯದಂತೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸಿ, ಮೇಲ್ಭಾಗದಲ್ಲಿ ನೀರು ತಿರುಗಿಸುವ ಕಾಲುವೆ ತೋಡಿ, ಗುಡ್ಡದ ತಲೆಭಾಗದ ಭಾರ ಇಳಿಸಿ ಎಂದೆ. ಅವರು ನನ್ನ ಮುಖ ನೋಡಲಿಲ್ಲ.

"ಸರ, ನಾ ಆ ಬಿರುಕಿಗೆ ಒಂದ್ ಬುಟ್ಟಿ ಮಣ್ಣ ಹಾಕಿದ್ನಿ ಅಂದ್ರ, ಗುಡ್ಡ ನಮ್ದ ಅಂತ ಒಪ್ಕೊಂಡಂಗ ಆಗತೈತಿ. ಮುಟ್ಟಬ್ಯಾಡ್ರಿ ಅಂತ ವಕೀಲರು ಕಡಕ್ ಹೇಳ್ಯಾರ."

"ಅಷ್ಟರಲ್ಲಿ ಬಿದ್ದರೆ?"

"ಹಂಗ ಅನಬ್ಯಾಡ್ರಿ ಸರ," ಎಂದರು. ಮೇಜಿನ ಮೇಲಿದ್ದ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದರು.

ಇಲಾಖೆಯ ಕಡೆಯಿಂದ ಈ ರಸ್ತೆಯನ್ನು ನೋಡಿಕೊಳ್ಳುತ್ತಿದ್ದವರು ಚಿಕ್ಕಮಗಳೂರಿನವರೇ ಆದ ಮಹಿಳಾ ಎಂಜಿನಿಯರ್. ಫೋನಿನಲ್ಲಿ ಅವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. "ಸಾರ್, ನಾವು ಕಾಲುವೆ ತೋಡ್ಸಿದ್ರೆ ನಾಳೆ ಇಡೀ ಗುಡ್ಡ ನಮ್ಮ ತಲೆ ಮೇಲೇ ಅಂತಾರೆ. ಮೇಲಿನೋರು ಒಪ್ಪಲ್ಲ. ನೀವು ಬರೆದು ಕಳ್ಸಿ, ನಾನು ಮುಂದಕ್ಕೆ ಹಾಕ್ತೀನಿ." ಆಮೇಲೆ ಬೇರೆಯೇ ದನಿಯಲ್ಲಿ, "ಗಾಜು ನಿಜವಾಗ್ಲೂ ಒಡೆದಿದೆಯಾ?" ಎಂದರು.

ಬರೆದು ಕಳಿಸಿದೆ. ಇಬ್ಬರಿಂದಲೂ ಉತ್ತರ ಬಂತು. ಶಿಫಾರಸನ್ನು ಗಮನಿಸಲಾಗಿದೆ, ಎದುರು ಪಕ್ಷದವರು ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು ಎಂದು ಎರಡೂ ಉತ್ತರಗಳಲ್ಲಿತ್ತು. ತಾಲ್ಲೂಕು ಕಚೇರಿಗೆ ಹೋಗಿ ಕೇರಿಯನ್ನು ಖಾಲಿ ಮಾಡಿಸಿ, ಬಸ್ಸು ನಿಲ್ಲಿಸಿ ಎಂದು ಕೇಳಿದೆ. ಜಾಗ ಅಪಾಯದಲ್ಲಿದೆ ಎಂದು ಇಲಾಖೆ ಮತ್ತು ಕಂಪನಿ ಇಬ್ಬರೂ ಬರೆದುಕೊಡಲಿ, ಒಬ್ಬ ಸಲಹೆಗಾರನ ಮಾತಿನ ಮೇಲೆ ಸಾರ್ವಜನಿಕ ರಸ್ತೆ ಮುಚ್ಚುವುದು ಹೇಗೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪಾಯ ಇದೆ ಎಂದು ಮೊದಲು ಬರೆದುಕೊಟ್ಟವರು ಜಗಳದಲ್ಲಿ ಸೋಲುತ್ತಾರೆ. ಹಾಗಾಗಿ ಕಾಗದದ ಮೇಲೆ ಅಪಾಯವೇ ಇಲ್ಲ.

ಭಯ ನನಗೆ ಎರಡು ಕಡೆಯಿಂದ ಬರುತ್ತಿತ್ತು. ಗುಡ್ಡ ಬಿದ್ದರೆ ಎಂಬುದು ಒಂದು. ಬೀಳದಿದ್ದರೆ ಎಂಬುದೂ ಒಂದು. ಇಷ್ಟು ಕೂಗಾಡಿ, ಮಳೆಗಾಲ ಪೂರ್ತಿ ಗುಡ್ಡ ಹಾಗೇ ನಿಂತುಬಿಟ್ಟರೆ ಮುಂದೆ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ. ಮಣ್ಣಿನ ವಿಷಯದಲ್ಲಿ ಖಚಿತ ಅನ್ನುವುದು ಇಲ್ಲ. ಬೆಳಿಗ್ಗೆ ಗುಡ್ಡ ಹತ್ತುವಾಗ ಗಾಜು ಇನ್ನಷ್ಟು ಅಗಲ ಬಿಟ್ಟಿರಲಿ ಎಂದು ಒಂದು ಕ್ಷಣ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಬಿರುಕು ಬಿಟ್ಟಿದ್ದ ಜಾಗ ಒಂದು ಕಾಫಿ ಎಸ್ಟೇಟಿನದು. ಅದರ ಯಜಮಾನರು ಹಿರಿಯರು, ಮಾತು ನೇರ. ಅವರ ಜೊತೆ ಹತ್ತಿದ ದಿನ, ಬಿರುಕಿಗಿಂತ ಮೇಲಿನ ಸಾಲುಗಳಲ್ಲಿ ತೊಟ್ಟಿಲುಗುಂಡಿಗಳನ್ನು ಕಂಡೆ. ಗಿಡಗಳ ನಡುವೆ ಮಳೆನೀರು ನಿಂತು ಇಂಗಲಿ ಎಂದು ತೋಟದವರು ತೋಡುವ ಉದ್ದುದ್ದ ಗುಂಡಿಗಳು. ಅಕಾಲದ ಮಳೆಗೆ ಕೆಲವು ಆಗಲೇ ತುಂಬಿದ್ದವು. ಆ ನೀರೆಲ್ಲ ಎಲ್ಲಿಗೆ ಇಳಿಯುತ್ತಿದೆ ಎಂದು ನೋಡಲು ಕೆಳಗಿನ ಕಡಿತದ ಬುಡಕ್ಕೆ ಬಂದೆವು. ಅಲ್ಲಿ ಒಂದು ಒರತೆ ಸುರಿಯುತ್ತಿತ್ತು. ನೀರು ಕೆಂಪಗಿತ್ತು. ತಿಳಿಯಾಗಿ ಹರಿಯುವ ಒರತೆ ಮಣ್ಣು ತರಲು ಶುರುಮಾಡಿದರೆ, ಗುಡ್ಡದ ಒಳಗೆ ಎಲ್ಲೋ ಟೊಳ್ಳಾಗುತ್ತಿದೆ ಎಂದರ್ಥ.

"ಗುಂಡಿ ಮುಚ್ಚಬೇಕು," ಎಂದೆ.

"ಏನ್ ಮಾರಾಯ್ರೆ ನೀವು? ರಸ್ತೆಯೋರು ಗುಡ್ಡದ ಕಾಲು ಕಡಿದ್ರು. ಈಗ ನನ್ನ ತೋಟದ ಗುಂಡಿ ಮುಚ್ಚಿ ಅಂತೀರಿ. ನಾನು ನಿಮ್ಮ ಅಗ್ರಿಮೆಂಟಿಗೆ ಸೈನ್ ಹಾಕಿದ್ದೀನಾ?"

ಅವರು ಆ ಕೆಂಪು ನೀರನ್ನು ಅಂಗೈಯಲ್ಲಿ ಹಿಡಿದು, ಚೆಲ್ಲಿ, ಪಂಚೆಗೆ ಒರೆಸಿಕೊಂಡು ಹೋದರು.

ಒಪ್ಪಂದದ ಪ್ರಕಾರ ಯಾವ ವಿವಾದವೂ ಮಧ್ಯಸ್ಥಗಾರರ ನ್ಯಾಯಮಂಡಳಿಗೆ ಹೋಗುವ ಮುಂಚೆ ಇಬ್ಬರೂ ಕೂತು ಸೌಹಾರ್ದದಿಂದ ಬಗೆಹರಿಸಿಕೊಳ್ಳಲು ಯತ್ನಿಸಬೇಕು. ಆ ಸಭೆ ನಡೆಸಿಕೊಡುವುದು ನನ್ನ ಕೆಲಸ. ಮೊದಲ ಸಭೆ ಚಿಕ್ಕಮಗಳೂರಿನ ಒಂದು ಸಭಾಂಗಣದಲ್ಲಿ ನಡೆಯಿತು. ಎರಡೂ ಕಡೆಯ ವಕೀಲರು ಬಂದಿದ್ದರು. ನಾನು ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ. ಕಂಪನಿಯ ವಕೀಲರು ಒಂದು ಫೋಟೋ ಎತ್ತಿ ನೋಡಿ, ನಡಾವಳಿಯಲ್ಲಿ 'ಬಿರುಕು' ಎಂದು ಬರೆಯಬಾರದು, 'ಬಿರುಕು ಎನ್ನಲಾದ ಗುರುತು' ಎಂದು ಬರೆಯಬೇಕು ಎಂದರು. ಇಲಾಖೆಯ ವಕೀಲರು ಒಪ್ಪಲಿಲ್ಲ. ಆ ಒಂದು ಪದದ ಮೇಲೆ ಊಟದ ಹೊತ್ತಾಯಿತು. ಮುಂದಿನ ಸಭೆ ಎಲ್ಲಿ ಎಂಬುದರ ಮೇಲೆ ಮಿಕ್ಕ ಹೊತ್ತು ಕಳೆಯಿತು. ತಮ್ಮ ಕಚೇರಿಯಲ್ಲಿ ಎಂದು ಇಲಾಖೆ, ಬೆಂಗಳೂರಿನ ತಮ್ಮ ಮುಖ್ಯ ಕಚೇರಿಯಲ್ಲಿ ಎಂದು ಕಂಪನಿ. ಎದುರಾಳಿಯ ಅಂಗಳಕ್ಕೆ ಹೋದವರು ಚಿಕ್ಕವರಾಗುತ್ತಾರಂತೆ. ಎರಡನೆಯ ಸಭೆ ಈ ಕಾರಣಕ್ಕೇ ನಡೆಯಲಿಲ್ಲ.

ರೋಹಿಣಿ ಮಳೆ ಶುರುವಾಗಿತ್ತು. ಮಧ್ಯಾಹ್ನದ ಮೇಲೆ ಗುಡುಗಿ ಒಂದೊಂದು ಹೊಡೆತ ಹೊಡೆದು ಹೋಗುವ ಮಳೆ. ಇದು ದೊಡ್ಡದಲ್ಲ. ಮೃಗಶಿರ ಬಂದು, ಆರಿದ್ರಾ ಹಿಡಿದರೆ ಮತ್ತೆ ಬಿಡುವುದಿಲ್ಲ. ಒಂದು ಮಧ್ಯಾಹ್ನ ಕೇರಿಗೆ ಇಳಿದೆ. ಅಂಗನವಾಡಿಯ ಟೀಚರ್ ಮಕ್ಕಳನ್ನು ಮಲಗಿಸಿ ಬಾಗಿಲಲ್ಲಿ ಕೂತಿದ್ದರು. ನಾನು ದಿನಾ ಗುಡ್ಡ ಹತ್ತಿ ಇಳಿಯುವುದನ್ನು ಅವರು ನೋಡುತ್ತಿದ್ದರು.

"ಸಾರ್, ಗುಡ್ಡ ಬೀಳ್ತದಾ? ಹೌದು, ಇಲ್ಲ, ಒಂದು ಹೇಳಿಬಿಡಿ."

"ಖಂಡಿತ ಅಂತ ಹೇಳೋಕೆ ಬರೋದಿಲ್ಲಮ್ಮ. ಮಳೆ ಬಂದ ದಿನ ಮಕ್ಕಳನ್ನು ಇಲ್ಲಿ ಇಟ್ಕೋಬೇಡಿ."

"ಮಳೆ ಬಂದ ದಿನ ಅಂದ್ರೆ? ಇನ್ನು ನಾಲ್ಕು ತಿಂಗಳು ದಿನಾ ಮಳೆಯೇ ಅಲ್ವಾ?" ಎಂದರು. ಕೋಪವಿರಲಿಲ್ಲ. "ಬೇರೆ ಕಟ್ಟಡ ಕೊಡಿ ಅಂತ ಕೇಳಿದ್ದೆ. ರಸ್ತೆಯೋರ ಜಗಳ ಮುಗೀಲಿ ಅಂದ್ರು." ಒಳಗೆ ಒಂದು ಮಗು ಕೆಮ್ಮಿತು. ಅವರು ಎದ್ದು ಹೋದರು. ನಾನು ಆ ಬಾಗಿಲಿಂದ ತಲೆಯೆತ್ತಿ ನೋಡಿದೆ. ಮೇಲಿಂದ ನೋಡಿದಾಗ ಗುಡ್ಡ ಇಷ್ಟು ಹತ್ತಿರ ಎಂದು ಎಂದೂ ಅನ್ನಿಸಿರಲಿಲ್ಲ. ಕೆಂಪು ಕಡಿತ ನೇರವಾಗಿ ಮುಖದ ಮೇಲೆ ಬಾಗಿದ ಹಾಗಿತ್ತು. ವಾಲಿದ ಸಿಲ್ವರ್ ಓಕ್ ಆ ಬಾಗಿಲ ಚೌಕಟ್ಟಿನೊಳಗೆ ಸರಿಯಾಗಿ ಕಾಣುತ್ತಿತ್ತು.

ರೂಮಿಗೆ ಬಂದು ಒಪ್ಪಂದದ ಪ್ರತಿಯನ್ನು ಮತ್ತೆ ಬಿಚ್ಚಿದೆ. ನನಗೆ ಏನಾದರೂ ಒಂದು ಅಧಿಕಾರ ಇದ್ದೇ ಇರಬೇಕು ಎಂದು ಹುಡುಕಿದೆ. ಇತ್ತು. ಹಾಸ್ಯಾಸ್ಪದವಾದ ಅಧಿಕಾರ. ಸೌಹಾರ್ದ ಸಭೆಯ ಸ್ಥಳ ಮತ್ತು ಸಮಯವನ್ನು ಪಕ್ಷಗಳು ಒಪ್ಪಿ ಗೊತ್ತುಮಾಡಬೇಕು. ಒಪ್ಪದಿದ್ದರೆ ಸ್ವತಂತ್ರ ಎಂಜಿನಿಯರ್ ಗೊತ್ತುಮಾಡಿದ ಸ್ಥಳವೇ ಅಂತಿಮ. ಗೈರಾದವರು ಸಂಧಾನಕ್ಕೆ ನಿರಾಕರಿಸಿದಂತೆ.

ಸ್ಥಳ: ಕೇರಿಯ ಅಂಗನವಾಡಿ ಎಂದು ಬರೆದೆ.

ಬಿದ್ದುಹೋಗಬಹುದು ಎಂದು ನಾನೇ ಹೇಳುತ್ತಿರುವ ಗುಡ್ಡದ ಕೆಳಗೆ ಜನರನ್ನು ಕರೆಯಲು ನಾನು ಯಾರು? ಆಗಲೇ ಕಳಿಸದೆ ಎರಡು ದಿನ ಇಟ್ಟುಕೊಂಡೆ. ಕೊನೆಗೆ, ಈ ಸ್ಥಳ ನನ್ನ ಅಭಿಪ್ರಾಯದಲ್ಲಿ ಸುರಕ್ಷಿತವಲ್ಲ, ಇದನ್ನು ಅರಿತು ಬರಬೇಕು ಎಂಬ ಒಂದು ಸಾಲು ಸೇರಿಸಿ ಕಳಿಸಿದೆ. ಸಭೆಯ ದಿನ ಮಕ್ಕಳನ್ನು ತಿರುವಿನಾಚೆಯ ಶಾಲೆಗೆ ಕರೆದೊಯ್ಯುವಂತೆ ಟೀಚರಿಗೆ ಹೇಳಿದೆ. "ನೀವು ದೊಡ್ಡೋರೆಲ್ಲ ಇಲ್ಲಿ ಕೂರ್ತೀರಾ?" ಎಂದು ಅವರು ಎರಡು ಸಲ ಕೇಳಿದರು.

ಎಲ್ಲರೂ ಬಂದರು. ನಿರಾಕರಿಸಿದವರು ಎನಿಸಿಕೊಳ್ಳಲು ಯಾವ ವಕೀಲರಿಗೂ ಇಷ್ಟವಿರಲಿಲ್ಲ. ತೋಟದ ಯಜಮಾನರನ್ನೂ ಬನ್ನಿ ಎಂದಿದ್ದೆ. ಅವರು ಕೊನೆಗೆ ಬಂದು, ಕೊಡೆ ಮಡಿಸಿ, ಬಾಗಿಲ ಹತ್ತಿರವೇ ಕೂತರು. ಗೋಡೆಗೆ ಅಕ್ಷರಮಾಲೆಯ ಪಟ, ಮೂಲೆಯಲ್ಲಿ ಮಕ್ಕಳನ್ನು ತೂಗುವ ತಕ್ಕಡಿ. ಕುರ್ಚಿಗಳು ಸಾಲದೆ ಇಲಾಖೆಯ ಮೇಡಂ ಮತ್ತು ಮ್ಯಾನೇಜರ್ ಮಕ್ಕಳ ಮೋಟು ಬೆಂಚಿನ ಮೇಲೆ ಅಕ್ಕಪಕ್ಕ ಕೂರಬೇಕಾಯಿತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಹೊರಗೆ ಹೋಗುವ ಅವಕಾಶ ಯಾರಿಗೂ ಇರಲಿಲ್ಲ.

ಶುರುವಾದದ್ದು ಹಳೆಯ ರೀತಿಯಲ್ಲೇ. ಹಿಂದಿನ ನಡಾವಳಿ, ತಿದ್ದುಪಡಿ, ಆಕ್ಷೇಪಣೆ. ನನ್ನ ಕಿವಿ ಮಾತಿನ ಮೇಲಿರಲಿಲ್ಲ. ಬಸ್ಸು ಮೇಲೆ ಹಾದುಹೋದಾಗ ತಕ್ಕಡಿಯ ತಟ್ಟೆ ಸಣ್ಣಗೆ ಕಿಣಿಕಿಣಿ ಎಂದಿತು. ಎಲ್ಲರೂ ಅತ್ತ ನೋಡಿ, ಮಾತು ಮುಂದುವರಿಸಿದರು. ಮೋಡ ಕವಿಯಿತು. ಹೆಂಚಿನ ಮೇಲೆ ಮೊದಲ ಹನಿಗಳು ಬಿದ್ದವು. ಆಮೇಲೆ ಹನಿಯಲ್ಲದ ಏನೋ ಒಂದು ಟಕ್ ಎಂದು ಬಿದ್ದು, ಮಾಡಿನ ಮೇಲೆ ಉರುಳಿ, ಅಂಗಳಕ್ಕೆ ಜಾರಿತು. ಯಜಮಾನರು ಕೂತಲ್ಲಿಂದಲೇ ಬಗ್ಗಿ ನೋಡಿದರು.

"ಕಲ್ಲು," ಎಂದರು.

ಕಂಪನಿಯ ವಕೀಲರು ಎದ್ದು ನಿಂತರು. "ಸಭೆ ಮುಂದೂಡೋಣ. ಇದು ಸರಿಯಲ್ಲ."

ಎದ್ದು ಓಡಬೇಕು ಎಂದು ಎಲ್ಲರಿಗಿಂತ ಹೆಚ್ಚು ಅನ್ನಿಸುತ್ತಿದ್ದವನು ನಾನೇ ಇರಬೇಕು. ಆ ಕಡಿತದ ಎತ್ತರ, ಮಣ್ಣಿನ ಬಗೆ, ಬಿರುಕಿನ ಅಗಲ ಮೂರೂ ಗೊತ್ತಿದ್ದವನು ನಾನು. "ಹೋಗೋಣ," ಎಂದೆ. "ಈಗಲೇ ಹೋಗೋಣ. ಅಪಾಯ ಇದೆ ಅನ್ನೋ ಕಾರಣಕ್ಕೆ ಎದ್ದಿರಿ ಅಂತ ಬರೆದುಕೊಳ್ಳಲಾ?"

ಅವರು ಬಾಗಿಲು ನೋಡಿದರು, ನನ್ನನ್ನು ನೋಡಿದರು, ಕೂರಲಿಲ್ಲ.

ಮೊದಲು ಬಾಯಿ ಬಿಟ್ಟವರು ಇಲಾಖೆಯ ಮೇಡಂ. "ಸಾರ್, ಈ ಸಭೇಲಿ ಆಡಿದ ಮಾತು ಮುಂದೆ ಎಲ್ಲೂ ಸಾಕ್ಷಿಗೆ ಬರಲ್ಲ ಅಂತ ಅಗ್ರಿಮೆಂಟಲ್ಲಿ ಇದೆ ಅಲ್ವಾ?"

"ಇದೆ."

ಅವರ ವಕೀಲರು ಕೈ ಅಡ್ಡ ಹಿಡಿದರು. ಮೇಡಂ ಆ ಕೈಯನ್ನು ಮೆಲ್ಲಗೆ ಸರಿಸಿದರು. "ಹಾಗಾದ್ರೆ ಹೇಳ್ತೀನಿ. ಗುಡ್ಡದ ಕಡೆ ಸರ್ಸಿ ಅಂತ ಹೇಳಿದ್ದು ನಾನೇ. ಇದೇ ರಸ್ತೇಲಿ ನಿಂತು ಹೇಳಿದ್ದೆ. ಅರಣ್ಯದ ಅನುಮತಿ ಬರೋ ಹಾಗೆ ಕಾಣ್ತಿರ್ಲಿಲ್ಲ. ಮೇಲಿಂದ ದಿನಾ ಫೋನ್, ಯಾಕೆ ಕೆಲಸ ನಿಂತಿದೆ ಅಂತ."

ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದರು. ಅವರ ಮೊಣಕಾಲು ಮೇಜಿಗೆ ತಾಗುತ್ತಿತ್ತು. "ನೀವು ಸರಸ್ರಿ ಅಂದಿದ್ರಿ ಮೇಡಂ. ನೆಟ್ಟಗ ಕಡೀರಿ ಅಂದಿದ್ದಿಲ್ಲ," ಎಂದರು. "ಮೆಟ್ಲಾ ಬಿಟ್ಟು ಕಡೀಬೇಕಂದ್ರ ಮ್ಯಾಲಿನ ತ್ವಾಟದ ಜಾಗ ಬೇಕಿತ್ತು. ಅದನ್ನ ಕೇಳೂದರಾಗ ಮಳಿ ಬರತಿತ್ತು. ಕಡದ್ವಿ. ಅದು ನಂದ ತಪ್ಪು."

ಇನ್ನೊಂದು ಕಲ್ಲು ಬಿತ್ತು. ಈ ಸಲ ಒಂದು ಹೆಂಚು ಒಡೆದ ಸದ್ದು.

"ನನ್ನ ಗುಂಡಿ ನಾಳೇನೇ ಮುಚ್ಚಿಸ್ತೀನಿ ಮಾರಾಯ್ರೆ," ಎಂದು ಯಜಮಾನರು ಬಾಗಿಲಿಂದ ಕೂಗಿದ ಹಾಗೆ ಹೇಳಿದರು. "ಎಷ್ಟು ಗಿಡ ಹೋಗ್ತದೋ ಹೋಗ್ಲಿ. ಬರೀರಿ, ಬೇಗ ಬರೀರಿ."

ಬರೆದೆ. ಯಾರ ತಪ್ಪು ಎಂಬುದನ್ನು ಈ ಕಾಗದ ತೀರ್ಮಾನಿಸುವುದಿಲ್ಲ. ಇದರಂತೆ ಮಾಡಿದ ಕೆಲಸ ಯಾರ ಹಕ್ಕಿಗೂ ಧಕ್ಕೆಯಲ್ಲ, ಯಾರ ತಪ್ಪೊಪ್ಪಿಗೆಯೂ ಅಲ್ಲ. ಜಾಗ ಅಪಾಯದಲ್ಲಿದೆ ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಾರೆ. ಕೇರಿ ಖಾಲಿಯಾಗಬೇಕು, ಬಸ್ಸು ನಿಲ್ಲಬೇಕು, ಗುಡ್ಡದ ತಲೆಭಾಗ ಇಳಿಸುವ ಕೆಲಸ ನಾಳೆ ಶುರುವಾಗಬೇಕು. ಖಾಲಿಯಾದ ಕೇರಿಯ ಕಾವಲಿಗೆ ಯಾರ ಜನ ಎಂದು ವಕೀಲರು ಅಲ್ಲಿಯೂ ತಕರಾರು ಎತ್ತಿದರು. ಎರಡೂ ಕಡೆಯಿಂದ ಒಬ್ಬೊಬ್ಬರು ಎಂದು ಬರೆದೆ. ಮೇಲಧಿಕಾರಿಗಳ ಒಪ್ಪಿಗೆಗೆ ಒಳಪಟ್ಟು ಎಂದು ಸೇರಿಸಿ ಇಬ್ಬರೂ ಸಹಿ ಹಾಕಿದರು. ಮೇಡಂ ಅವರ ಸಹಿ ಅರ್ಧದಲ್ಲಿ ಜಾರಿ ಗೀಟಾಗಿತ್ತು. ಹೊರಗೆ ಬಂದು ಯಾರೂ ಛತ್ರಿ ಬಿಚ್ಚಲಿಲ್ಲ, ಸುಮ್ಮನೆ ನಡೆದೆವು. ಮರಗಳ ಪಟ್ಟಿ ದಾಟಿ, ರಸ್ತೆಗೆ ಬಂದು, ತಿರುವಿನಿಂದ ಆಚೆ ಹೋಗುವವರೆಗೂ ಯಾರೂ ಹಿಂದೆ ತಿರುಗಲಿಲ್ಲ.

ಆ ಒಂದು ಹಾಳೆ ತೋರಿಸಿದ್ದಕ್ಕೆ ತಾಲ್ಲೂಕು ಕಚೇರಿಯವರು ಮರುದಿನವೇ ರಸ್ತೆ ಮುಚ್ಚಿದರು. ಕೇರಿಯ ಜನರಿಗೆ ಯಜಮಾನರು ತಮ್ಮ ಕಾಫಿ ಗೋದಾಮು ಬಿಟ್ಟುಕೊಟ್ಟರು. ಪಾರ್ಚ್‌ಮೆಂಟ್ ಕಾಫಿ ಬೀಜದ ಚೀಲಗಳೆಲ್ಲ ಮಾರಾಟಕ್ಕೆ ಹೋಗಿ ಅದು ಖಾಲಿಯಿತ್ತು. ಜನ ಗೊಣಗುತ್ತಲೇ ಹೋದರು. ಒಲೆ ಹೂಡಲು ಜಾಗವಿಲ್ಲ, ಕೋಳಿ ಬಿಡಲು ಜಾಗವಿಲ್ಲ. ಬೀಳದ ಗುಡ್ಡಕ್ಕೆ ನಮ್ಮನ್ನು ಎಬ್ಬಿಸಿದರು ಎಂದು ಒಬ್ಬರು ನನಗೆ ಕೇಳುವಂತೆಯೇ ಹೇಳಿದರು.

ಕೆಲಸ ಶುರುವಾದ ದಿನ ಮಣ್ಣು ತೆಗೆಯುವ ಯಂತ್ರದ ಆಪರೇಟರ್ ತೋಟದೊಳಗಿನ ದಾರಿಯಿಂದ ಮೇಲೆ ಬಂದು, ಬಿರುಕು ನೋಡಿ, ಇಳಿದುಬಿಟ್ಟ. "ಇದರ ಹತ್ರ ಇಷ್ಟು ತೂಕದ ಗಾಡಿ ತರಕ್ಕಾಗಲ್ಲ ಸಾರ್. ನನಗೆ ಹೆಂಡ್ತಿ ಇದಾಳೆ." ಅವನ ಮಾತು ತಪ್ಪಲ್ಲ. ಬಿರುಕಿನಿಂದ ಸಾಕಷ್ಟು ಹಿಂದೆ ಯಂತ್ರ ನಿಲ್ಲಿಸಿ, ಅದರ ಕೈ ಚಾಚಿದಷ್ಟು ಮಾತ್ರ ತೆಗೆಯುವುದು ಎಂದು ನಾನು ಸುಣ್ಣದಲ್ಲಿ ಗೆರೆ ಎಳೆದೆ. ಆದರೂ ಅವನು ಹತ್ತಲಿಲ್ಲ. ಮ್ಯಾನೇಜರ್ ಚಪ್ಪಲಿ ಕಳಚಿ, ಏದುಸಿರು ಬಿಡುತ್ತಾ ಹತ್ತಿ, ಒಳಗೆ ಸೀಟಿನ ಪಕ್ಕ ಮುದುರಿಕೊಂಡು ಕೂತರು. "ಬಾರೋ ತಮ್ಮಾ. ನನಗೂ ಹೆಂಡ್ತಿ ಅದಾಳ," ಎಂದರು. ಅವನು ಹತ್ತಿದ. ಬಿರುಕಿನ ಎರಡೂ ಬದಿಗೆ ನೆಟ್ಟಿದ್ದ ಗೂಟಗಳ ಪಕ್ಕ ಮೇಡಂ ಸೀಟಿ ಹಿಡಿದು ನಿಂತರು. ಎರಡು ಗೂಟಗಳ ನಡುವಿನ ಅಂತರ ಹೆಚ್ಚಾದರೆ ಊದುವುದು. ಅಷ್ಟೂ ದಿನ ಅವರು ಆ ಸೀಟಿಯನ್ನು ಬಾಯಿಂದ ತೆಗೆದದ್ದು ಊಟಕ್ಕೆ ಮಾತ್ರ. ಎರಡು ಸಲ ಊದಿದರು. ಎರಡೂ ಸಲ ನಾವೆಲ್ಲ ಕಾಫಿ ಗಿಡ ಮುರಿದುಕೊಂಡು ಮೇಲಕ್ಕೆ ಓಡಿದೆವು. ಎರಡೂ ಸಲ ಗುಡ್ಡ ನಿಂತೇ ಇತ್ತು. ಮತ್ತೆ ಇಳಿದು ಬರುವುದು ಓಡಿದ್ದಕ್ಕಿಂತ ಕಷ್ಟವಾಗಿತ್ತು.

ಮೇಲಿನ ಎರಡು ಮೆಟ್ಟಿಲು ಮುಗಿದವು. ನೀರು ತಿರುಗಿಸುವ ಕಾಲುವೆ ಮುಗಿಯಿತು. ಮೂರನೆಯ ಮೆಟ್ಟಿಲು ಅರ್ಧವಾಗುವಷ್ಟರಲ್ಲಿ ಆರಿದ್ರಾ ಹಿಡಿಯಿತು. ಯಂತ್ರ ಇಳಿಸಿದೆವು.

ಗುಡ್ಡ ಬಿದ್ದದ್ದು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ನಾನು ಕಳಸದಲ್ಲಿದ್ದೆ. ಯಜಮಾನರು ಫೋನ್ ಮಾಡಿದರು. "ಕೆಳಗಿನ ಭಾಗ ಪೂರಾ ಹೋಯ್ತು. ರಸ್ತೆ ಇಲ್ಲ. ಅಂಗನವಾಡಿ ಇಲ್ಲ, ಅದರ ಹಿಂದಿನ ಮನೆಗಳೂ ಇಲ್ಲ." ಉಸಿರು ತೆಗೆದುಕೊಂಡರು. "ಟೀಚರಮ್ಮ ಬೆಳಿಗ್ಗೆ ಅಂಗನವಾಡಿಗೆ ಹೋಗಿದ್ರಂತೆ ಮಾರಾಯ್ರೆ. ತಕ್ಕಡಿ ತರ್ತೀನಿ ಅಂತ. ಗೋದಾಮಿಗೆ ವಾಪಸ್ ಬಂದಿಲ್ಲ."

ಜೀಪು ಎಲ್ಲಿಯವರೆಗೆ ಹೋಯಿತು, ಎಲ್ಲಿ ಇಳಿದೆ, ತೋಟದ ಯಾವ ದಾರಿಯಲ್ಲಿ ಓಡಿದೆ ಎಂಬುದು ಇಂದಿಗೂ ಸರಿಯಾಗಿ ನೆನಪಿಲ್ಲ. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದ್ದು, ಬಿದ್ದದ್ದು, ಅಂಗೈ ತರಚಿದ್ದು ಆಮೇಲೆ ತಿಳಿದದ್ದು. ಮೇಲಿನ ಎರಡು ಮೆಟ್ಟಿಲುಗಳು ಇದ್ದಲ್ಲೇ ಇದ್ದವು. ಅವುಗಳ ಕೆಳಗೆ ಗುಡ್ಡದ ಹೊಟ್ಟೆ ಬಗೆದ ಹಾಗೆ ತೆರೆದಿತ್ತು. ರಸ್ತೆ, ಮರಗಳ ಪಟ್ಟಿ, ಅಂಗನವಾಡಿ, ಎಲ್ಲದರ ಮೇಲೂ ಕೆಂಪು ಕೆಸರು ಇನ್ನೂ ನಿಧಾನಕ್ಕೆ ಸರಿಯುತ್ತಿತ್ತು. ಆ ಸದ್ದು ದೊಡ್ಡದಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ. ಅಂಚಿನಲ್ಲಿ ಮ್ಯಾನೇಜರ್ ಮೊಣಕಾಲವರೆಗೆ ಕೆಸರಲ್ಲಿ ನಿಂತು "ಟೀಚರವ್ವಾ! ಟೀಚರವ್ವಾ!" ಎಂದು ಕೂಗುತ್ತಿದ್ದರು. ದನಿ ಒಡೆದಿತ್ತು. ಸಭೆಯ ದಿನ ಮೂಲೆಯಲ್ಲಿ ಕಂಡ ತಕ್ಕಡಿ ಎಲ್ಲಿತ್ತು, ಅಲ್ಲಿಗೆ ಈಗ ಎಷ್ಟು ಅಡಿ ಮಣ್ಣು ಎಂದು ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು. ಅದನ್ನು ನಿಲ್ಲಿಸಲಾಗಲಿಲ್ಲ.

ಮೇಲಿನ ತೋಟದ ದಾರಿಯಿಂದ ಮೇಡಂ ಓಡಿಬಂದರು. "ಇದ್ದಾರೆ, ಇದ್ದಾರೆ!"

ಟೀಚರ್ ಅಂಗನವಾಡಿಯ ಬಾಗಿಲವರೆಗೂ ಹೋಗಿದ್ದರು. ಅಲ್ಲಿದ್ದ ಇಬ್ಬರು ಕಾವಲುಗಾರರಲ್ಲಿ ಕಂಪನಿಯವನು ಒಳಗೆ ಬಿಡುವುದಿಲ್ಲ ಎಂದ. ಇವರು ಬೈದು ಇಲಾಖೆಯವನ ಹತ್ತಿರ ಹೋದರು. ಅವನೂ ಬಿಡಲಿಲ್ಲ. ಸಿಟ್ಟು ಬಂದು, ದೂರು ಕೊಡುತ್ತೇನೆ ಎಂದು ಮೇಲ್ದಾರಿ ಹಿಡಿದು ಯಜಮಾನರ ತೋಟದ ಲೆಕ್ಕ ಬರೆಯುವ ರೈಟರ್ ಮನೆಗೆ ಹೋಗಿ ಕೂತಿದ್ದರು. ಕಾವಲಿನವರಿಬ್ಬರೂ ಅವರನ್ನು ದಾರಿಗೆ ಹತ್ತಿಸಲೆಂದು ಹಿಂದೆಯೇ ಹೋಗಿದ್ದರಿಂದ ಅವರೂ ಉಳಿದರು. ನಾವು ಹೋದಾಗ ಟೀಚರ್ ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಕುಡಿದಿರಲಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ನಿಂತು ಅವರನ್ನು ನೋಡಿ, ತಿರುಗಿ ಅಂಗಳಕ್ಕೆ ಹೋಗಿ ಮಳೆಯಲ್ಲಿ ನಿಂತರು.

ಮಳೆಗಾಲ ಮುಗಿದ ಮೇಲೆ ಸಭೆಗಳು ಮತ್ತೆ ನಡೆದವು. ಈ ಸಲ ಚಿಕ್ಕಮಗಳೂರಿನಲ್ಲೇ, ಇಲಾಖೆಯ ಕಚೇರಿಯಲ್ಲೇ. ಕಂಪನಿ ತಕರಾರು ತೆಗೆಯಲಿಲ್ಲ. ಬೇಗ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಚಳಿಗಾಲ ಪೂರ್ತಿ ತೆಗೆದುಕೊಂಡಿತು, ಕೂಗಾಟಗಳೂ ಆದವು. ಆದರೆ ನಡೆದದ್ದು ಏನು ಎಂಬ ಬಗ್ಗೆ ಯಾರೂ ನಾಟಕ ಆಡಲಿಲ್ಲ. ಆ ಮೋಟು ಬೆಂಚಿನ ಮೇಲೆ ಆಡಿದ ಮಾತನ್ನು ಯಾವ ಕಾಗದದಲ್ಲೂ ಯಾರೂ ಬರೆಯಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಆದರೆ ಅದನ್ನು ಕೇಳದವರ ಹಾಗೆ ಇರುವುದೂ ಯಾರಿಗೂ ಆಗಲಿಲ್ಲ. ದಾರಿ ಬದಲಿಸಿದ್ದರ ಹೊರೆ ಇಲಾಖೆಗೆ, ನೆಟ್ಟಗೆ ಕಡಿದದ್ದರ ಹೊರೆ ಕಂಪನಿಗೆ ಎಂದಾಯಿತು. ಕೇರಿಗೆ ಬೇರೆ ಜಾಗದಲ್ಲಿ ಮನೆ ಎಂಬುದನ್ನು ಇಬ್ಬರೂ ಹೊತ್ತರು. ನ್ಯಾಯಮಂಡಳಿಯ ಮಾತು ಮತ್ತೆ ಬರಲಿಲ್ಲ. ಕೊನೆಯ ದಿನ ಕಂಪನಿಯ ವಕೀಲರು ಮೆಟ್ಟಿಲು ಇಳಿಯುತ್ತಾ, "ಅವತ್ತು ನಮ್ಮನ್ನ ಅಲ್ಲಿಗೆ ಕರೆದಿದ್ದು ತಪ್ಪು," ಎಂದರು. ಹೌದು ಎಂದೆ. ಅವರು ನನ್ನ ಕೈ ಕುಲುಕಿ ಹೋದರು. ಅದು ತಪ್ಪಾಗಿತ್ತೇ ಎಂದು ಈಗಲೂ ನನಗೆ ಗೊತ್ತಿಲ್ಲ. ಆ ದಿನವೇ ಬಿದ್ದಿದ್ದರೆ ಎಂಬ ಯೋಚನೆ ಬಂದಾಗ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಓಡಾಡುತ್ತೇನೆ.

ಕೆಲಸ ಮುಗಿದು, ರಸ್ತೆ ತೆರೆದ ಮುಂದಿನ ವರ್ಷ, ಬೇರೊಂದು ಕೆಲಸದ ಮೇಲೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದೆ. ಹೊರನಾಡಿಗೆ ಹೋಗಿ ಬಂದವರು, ಸಂಸೆಗೆ ಮರಳುವವರು, ಬಸ್ಸು ತುಂಬಿತ್ತು. ನನಗೆ ಗುಡ್ಡದ ಕಡೆಯ ಕಿಟಕಿ ಸಿಕ್ಕಿತ್ತು. ತಿರುವು ಹತ್ತಿರವಾದಂತೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಗುಡ್ಡ ಈಗ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿದಿತ್ತು, ಹುಲ್ಲು ಹಿಡಿದಿತ್ತು, ಬುಡದ ಕಲ್ಲಿನ ಗೋಡೆಯ ತೂತುಗಳಿಂದ ನೀರು ಇಳಿಯುತ್ತಿತ್ತು. ನೀರಿನ ಬಣ್ಣ ನೋಡಬೇಕಿತ್ತು. ಬಸ್ಸು ವೇಗವಾಗಿತ್ತು. ಕತ್ತು ಹೊರಗೆ ಹಾಕಿದೆ.

"ಸಾರ್, ತಲೆ ಒಳಗೆ ಹಾಕಿ," ಎಂದರು ಕಂಡಕ್ಟರ್. "ಏನ್ ನೋಡ್ತಿದ್ದೀರಿ ಅಲ್ಲಿ?"

"ನೀರು ತಿಳಿಯಾಗಿದೆಯಾ ಅಂತ."

ಅವರು ಬಗ್ಗಿ ಒಮ್ಮೆ ಹೊರಗೆ ನೋಡಿದರು. "ತಿಳಿಯಾಗೇ ಉಂಟಲ್ಲ," ಎಂದು ಹೇಳಿ, ಟಿಕೆಟ್ ಹರಿಯುತ್ತಾ ಮುಂದೆ ಹೋದರು. ನನ್ನ ಪಕ್ಕದವರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.